ಸಮಾಜಕಾರ್ಯದ ಪಾಠದಲ್ಲಿ ಸಾಮಾಜಿಕ ನ್ಯಾಯ: ಯಾವ ವಿಧಾನ ಎಲ್ಲಿ ಹೊಂದುತ್ತದೆ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳ ಕ್ಷೇತ್ರಕಾರ್ಯ ವರದಿಗಳಲ್ಲಿ ಮತ್ತೆ ಮತ್ತೆ ಸಿಗುವ ಸಾಲೊಂದಿದೆ: ‘ಜನರಲ್ಲಿ ಅರಿವಿನ ಕೊರತೆ ಕಂಡುಬಂದಿತು. ಅವರಿಗೆ ಅರಿವು ಮೂಡಿಸಲಾಯಿತು.’ ಇದನ್ನು ಬರೆದವರೇ ಪರೀಕ್ಷೆಯಲ್ಲಿ ಸಮಾನತೆ, ತಾರತಮ್ಯ ನಿಷೇಧ, ಅಸ್ಪೃಶ್ಯತೆ ನಿಷೇಧ ಹೇಳುವ ಸಂವಿಧಾನದ 14, 15, 17ನೇ ವಿಧಿಗಳನ್ನು ಒಂದಕ್ಷರ ತಪ್ಪದೆ ಬರೆದಿರುತ್ತಾರೆ. ತರಗತಿಯಲ್ಲಿ ಕಲಿತದ್ದು ಕೇರಿಯ ಮನೆಯೊಂದರ ಜಗಲಿಯಲ್ಲಿ ಕೂತಾಗ ಕೈಗೆ ಬರಲಿಲ್ಲ ಎಂಬುದಕ್ಕೆ ಆ ಎರಡು ಸಾಲೇ ಸಾಕ್ಷಿ.

ಸಾಮಾಜಿಕ ನ್ಯಾಯ ಈ ವೃತ್ತಿಗೆ ಹೊರಗಿನಿಂದ ತಂದು ಸೇರಿಸಿದ ವಿಷಯವಲ್ಲ. 2014ರಲ್ಲಿ ಮೆಲ್ಬೋರ್ನ್‌ನಲ್ಲಿ ಒಪ್ಪಿತವಾದ ಸಮಾಜಕಾರ್ಯದ ಜಾಗತಿಕ ವ್ಯಾಖ್ಯೆ ಸಾಮಾಜಿಕ ನ್ಯಾಯ, ಮಾನವ ಹಕ್ಕು, ಸಾಮೂಹಿಕ ಹೊಣೆ ಮತ್ತು ವೈವಿಧ್ಯದ ಗೌರವಗಳನ್ನು ವೃತ್ತಿಯ ಮಧ್ಯಕ್ಕೇ ಇಟ್ಟಿದೆ. ಹಾಗಾಗಿ ಕಲಿಸಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿಲ್ಲ. ಹೇಗೆ ಕಲಿಸಬೇಕು ಎಂಬಲ್ಲಿ ಪ್ರತಿ ವಿಭಾಗವೂ ಕೆಲವು ಆಯ್ಕೆ ಮಾಡಲೇಬೇಕು: ಪ್ರತ್ಯೇಕ ಪತ್ರಿಕೆ (ಪಠ್ಯವಿಷಯ) ಇಡುವುದೋ ಎಲ್ಲ ವಿಷಯಗಳಲ್ಲೂ ಬೆರೆಸುವುದೋ, ವಿದ್ಯಾರ್ಥಿಗಳನ್ನು ಎಲ್ಲಿಗೆ ಕಳಿಸುವುದು, ಶಿಬಿರ ಎಲ್ಲಿ ಹೂಡುವುದು, ತರಗತಿಯಲ್ಲಿ ಯಾವ ಚಟುವಟಿಕೆ, ಅಂಕ ಯಾವುದಕ್ಕೆ. ಇವುಗಳಲ್ಲಿ ಒಂದನ್ನಷ್ಟೇ ಬದಲಿಸುವ ಶಕ್ತಿ ಇದ್ದರೆ ಕ್ಷೇತ್ರಕಾರ್ಯದ ಜಾಗವನ್ನು ಬದಲಿಸಿ. ಮಿಕ್ಕದ್ದು ಅದರ ಹಿಂದೆ ಬರುತ್ತದೆ.

ಪ್ರತ್ಯೇಕ ಪತ್ರಿಕೆಯೋ, ಎಲ್ಲದರಲ್ಲೂ ಬೆರೆಸುವುದೋ

ಪ್ರತ್ಯೇಕ ಪತ್ರಿಕೆಯ ಲಾಭ ಸ್ಪಷ್ಟ: ವೇಳಾಪಟ್ಟಿಯಲ್ಲಿ ಗಂಟೆ ಸಿಗುತ್ತದೆ, ಪರೀಕ್ಷೆ ಇರುವುದರಿಂದ ಓದುತ್ತಾರೆ, ಅಂಬೇಡ್ಕರ್, ಭೂಸುಧಾರಣೆ, ಹಿಂದುಳಿದ ವರ್ಗಗಳ ಹಾವನೂರು ಆಯೋಗ, ದೌರ್ಜನ್ಯ ತಡೆ ಕಾಯ್ದೆಗಳನ್ನು ಒಂದು ಸರಣಿಯಲ್ಲಿ ಹೇಳಬಹುದು. ಕೆಡುವುದೂ ಗೊತ್ತಿರುವಂತೆಯೇ. ಆ ಪತ್ರಿಕೆ ಸೆಮಿಸ್ಟರ್ ಶುರುವಾಗಿ ತಿಂಗಳ ಮೇಲೆ ಬರುವ ಅತಿಥಿ ಉಪನ್ಯಾಸಕರ ಪಾಲಾಗುತ್ತದೆ. ಪಾಠ ಕಾಯ್ದೆಗಳ ಪಟ್ಟಿಯಾಗಿ, ಇಸವಿ ಮತ್ತು ಕಲಂ ಬಾಯಿಪಾಠವಾಗಿ ಮುಗಿಯುತ್ತದೆ. ಪಕ್ಕದ ಕೋಣೆಯ ಕೇಸ್‌ವರ್ಕ್ (ಒಬ್ಬೊಬ್ಬರ ಜತೆ ಮಾಡುವ ಕೆಲಸ) ಪಾಠದಲ್ಲಿ ಜಾತಿಯ ಮಾತೇ ಬರುವುದಿಲ್ಲ, ಏಕೆಂದರೆ ‘ಅದು ಅವರ ಪತ್ರಿಕೆಯಲ್ಲಿದೆ’.

ಬೆರೆಸುವ ವಿಧಾನ ಹೇಳಲು ಚೆಂದ, ನಡೆಸಲು ಕಷ್ಟ. ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲದಂತಾಗುತ್ತದೆ. ಅದು ನಿಲ್ಲಬೇಕಾದರೆ ಪ್ರತಿ ಪತ್ರಿಕೆಯಲ್ಲೂ ತಪ್ಪಿಸಿಕೊಳ್ಳಲಾಗದ ಒಂದೊಂದು ಕೆಲಸವನ್ನು ಬರೆದಿಡಬೇಕು. ಕೇಸ್‌ವರ್ಕ್‌ನ ಮೊದಲ ಭೇಟಿಯ ನಮೂನೆಯಲ್ಲಿ ಮೂರು ಪ್ರಶ್ನೆ ಸೇರಿಸಿ: ಈ ತೊಂದರೆಗಾಗಿ ಈ ಮೊದಲು ಯಾವ ಕಚೇರಿಗೆ ಹೋಗಿದ್ದರು, ಅಲ್ಲಿ ಏನು ಹೇಳಿ ಕಳಿಸಿದರು, ಪ್ರತಿ ಸಲ ಎಷ್ಟು ಕೂಲಿ ಹೋಯಿತು. ಗ್ರೂಪ್‌ವರ್ಕ್‌ನಲ್ಲಿ ಸ್ವಸಹಾಯ ಸಂಘದ ಸಭೆ ನೋಡಲು ಹೋದವರು ಪಾಸ್‌ಬುಕ್ ಯಾರ ಮನೆಯಲ್ಲಿರುತ್ತದೆ, ಸಾಲ ಮೊದಲು ಯಾರಿಗೆ ಸಿಕ್ಕಿತು ಎಂದು ನಡವಳಿ ಪುಸ್ತಕದಿಂದಲೇ ತೆಗೆಯಲಿ. ಸಂಶೋಧನಾ ವಿಧಾನದಲ್ಲಿ ಮಾದರಿ ಆರಿಸುವಾಗ ಊರಿಗೆ ಸೇರಿದ ತಾಂಡಾ, ಹಟ್ಟಿ, ಕೇರಿ ಪಟ್ಟಿಯಲ್ಲಿ ಬಂದಿವೆಯೇ ಎಂದು ಮೊದಲ ದಿನವೇ ಪರಿಶೀಲಿಸಬೇಕು. ಬಸ್ ನಿಲ್ದಾಣದ ಹತ್ತಿರದ ಐವತ್ತು ಮನೆ ಎಂದರೆ ಅದು ಮಾದರಿಯಲ್ಲ.

ಮಾನವ ಸಂಪನ್ಮೂಲ ವಿಶೇಷ ವಿಷಯ ಆರಿಸಿಕೊಂಡವರಿಗೆ ಇದು ಸಂಬಂಧಿಸಿದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ನಿಜ ಹೇಳಬೇಕೆಂದರೆ ಹೆಚ್ಚು ಬೇಕಿರುವುದು ಅವರಿಗೇ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ (ಪಿಎಫ್) ಹಣ ತೆಗೆಯುವ ನಿಯಮ ಬಿಗಿಯಾದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು, ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಪಿಎಫ್ ಲೆಕ್ಕ ಕಲಿಸುವ ಗಂಟೆಯಲ್ಲೇ ಇದನ್ನು ಎತ್ತಿಕೊಂಡು, ಕೆಲಸ ಬಿಟ್ಟ ಹೆಂಗಸಿಗೆ ಆ ಹಣ ತಕ್ಷಣ ಏಕೆ ಬೇಕಿತ್ತು ಎಂದು ಕೇಳಬಹುದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪಾಠ ಮಾಡುವಾಗ ಹತ್ತು ಮತ್ತು ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು ಎಂಬಲ್ಲಿಗೆ ನಿಲ್ಲಬೇಡಿ. ದೂರು ಕೊಡಲು ಇರುವುದು ಸಾಮಾನ್ಯವಾಗಿ ಮೂರು ತಿಂಗಳು, ಗುತ್ತಿಗೆಯ ಮೇಲೆ ಬಂದ ಸ್ವಚ್ಛತಾ ಸಿಬ್ಬಂದಿಗೆ ಆ ಸಮಿತಿಯ ಸದಸ್ಯರ ಹೆಸರು ಎಲ್ಲಿ ಓದಲು ಸಿಗುತ್ತದೆ ಎಂದು ಹುಡುಕಿಸಿ.

ಇಬ್ಬರು ಕಾಯಂ ಅಧ್ಯಾಪಕರು, ಉಳಿದವರೆಲ್ಲ ಅತಿಥಿಗಳು ಇರುವ ಕಾಲೇಜಿಗೆ ನಮ್ಮ ಸಲಹೆ ಪ್ರತ್ಯೇಕ ಪತ್ರಿಕೆಯೇ, ಆದರೆ ಅದನ್ನು ಕಾಯಂ ಅಧ್ಯಾಪಕರೊಬ್ಬರು ತೆಗೆದುಕೊಳ್ಳಬೇಕು, ಮೊದಲ ಸೆಮಿಸ್ಟರ್‌ನಲ್ಲೇ ಇರಬೇಕು. ಐದಾರು ಜನ ನೆಲೆನಿಂತ ಅಧ್ಯಾಪಕರಿದ್ದರೆ ಬೆರೆಸುವ ದಾರಿ. ಅದರ ಜತೆಗೆ ಕಾಯ್ದೆ ಓದುವುದಕ್ಕೆ, ಅರ್ಜಿ ಬರೆಯುವುದಕ್ಕೆ ಮಾತ್ರ ಮೀಸಲಾದ 20 ಗಂಟೆಯ ಒಂದು ಕಾರ್ಯಾಗಾರ.

ಕ್ಷೇತ್ರಕಾರ್ಯ: ಎಲ್ಲಿಗೆ ಕಳಿಸುವುದು

ವಾರಕ್ಕೆ ಎರಡು ದಿನ, ಸುಮಾರು 15 ಗಂಟೆ. 16 ವಾರದ ಸೆಮಿಸ್ಟರ್‌ಗೆ 240 ಗಂಟೆ. ಯಾವ ಪತ್ರಿಕೆಗೂ ಇಷ್ಟು ಸಮಯ ಸಿಗುವುದಿಲ್ಲ. ಇದನ್ನು ಎಲ್ಲಿ ಕಳೆಯುತ್ತಾರೆ ಎಂಬುದೇ ಅವರು ಎಂಥ ಕಾರ್ಯಕರ್ತರಾಗುತ್ತಾರೆ ಎಂಬುದನ್ನು ತೀರ್ಮಾನಿಸುತ್ತದೆ.

ಸ್ವಯಂಸೇವಾ ಸಂಸ್ಥೆ ಎಲ್ಲರ ಮೊದಲ ಆಯ್ಕೆ, ಏಕೆಂದರೆ ಸುಲಭ. ಮೇಲ್ವಿಚಾರಣೆಗೆ ಒಬ್ಬರಿರುತ್ತಾರೆ, ಸಹಿ ಸೀಲು ಸರಿಯಾಗಿ ಸಿಗುತ್ತದೆ, ಹೆಣ್ಣುಮಕ್ಕಳಿಗೆ ಸುರಕ್ಷಿತ. ತೊಂದರೆ ಎಂದರೆ ಸಂಸ್ಥೆಯ ಯೋಜನೆ ಏನಿದೆಯೋ ಅಷ್ಟೇ ಜಗತ್ತು. ಪೌಷ್ಟಿಕತೆಯ ಯೋಜನೆ ನಡೆಸುವ ಸಂಸ್ಥೆಯಲ್ಲಿ ತಾಯಂದಿರಿಗೆ ಸೊಪ್ಪು ತಿನ್ನಿ ಎಂದು ಹೇಳುವುದನ್ನು ಕಲಿಯುತ್ತಾರೆ. ಅಂಗನವಾಡಿ ಕೇರಿಯಿಂದ ಎಷ್ಟು ದೂರ, ಮಗು ಅಲ್ಲಿ ಎಲ್ಲಿ ಕೂರುತ್ತದೆ ಎಂದು ಕೇಳುವುದನ್ನಲ್ಲ. ಸಂಸ್ಥೆಗೆ ಕಳಿಸುವುದಾದರೆ ಮೊದಲ ವಾರವೇ ಒಂದು ಮಾತು ಬರೆದು ಒಪ್ಪಿಸಿಕೊಳ್ಳಿ: ಎರಡು ದಿನದಲ್ಲಿ ಅರ್ಧ ದಿನ ವಿದ್ಯಾರ್ಥಿಯದು, ಯೋಜನೆಯ ಸರ್ವೇ ತುಂಬಿಸಲು ಆ ಹೊತ್ತನ್ನು ಬಳಸುವಂತಿಲ್ಲ.

ಕಂಪನಿಯ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಲಸ ಸಿಗುವ ಸಾಧ್ಯತೆ ಚೆನ್ನಾಗಿದೆ, ನ್ಯಾಯದ ಪಾಠಕ್ಕೆ ಅವಕಾಶ ಕಡಿಮೆ. ಕೊನೆಯ ಸೆಮಿಸ್ಟರ್‌ನಲ್ಲಿ ಒಂದೇ ಕಡೆ ಸತತವಾಗಿ ಕೆಲಸ ಮಾಡುವ ಬ್ಲಾಕ್ ಪ್ಲೇಸ್‌ಮೆಂಟ್‌ಗೆ ಇರಲಿ.

ಸರ್ಕಾರಿ ಕಚೇರಿ — ಸಮಾಜ ಕಲ್ಯಾಣ ಇಲಾಖೆಯ ತಾಲೂಕು ಕಚೇರಿ, ಗ್ರಾಮ ಪಂಚಾಯಿತಿ, ತಾಲೂಕು ಕಾನೂನು ಸೇವಾ ಸಮಿತಿ, ನಗರಸಭೆ — ಇವುಗಳಿಗೆ ವಿಭಾಗಗಳು ಹಿಂಜರಿಯುತ್ತವೆ. ‘ಅಲ್ಲಿ ಸುಮ್ಮನೆ ಕೂರಿಸುತ್ತಾರೆ’ ಎನ್ನುವುದು ಸುಳ್ಳಲ್ಲ. ಹೇಳದೆ ಕಳಿಸಿದರೆ ವಿದ್ಯಾರ್ಥಿ ಮೂರನೇ ವಾರಕ್ಕೆ ಡೇಟಾ ಎಂಟ್ರಿಗೆ ಕೂತಿರುತ್ತಾರೆ. ಆದರೆ ಹಕ್ಕು ಎಂಬುದು ಯಾವ ಟೇಬಲ್ಲಿನ ಮೇಲೆ ನಿಲ್ಲುತ್ತದೆ ಎಂದು ಕಾಣುವುದು ಇಲ್ಲಿ ಮಾತ್ರ. ಹೋಗುವ ಮೊದಲೇ ಒಂದೇ ಕೆಲಸ ಗೊತ್ತುಮಾಡಿ. ಕಾನೂನು ಸೇವಾ ಸಮಿತಿಯಾದರೆ: 1987ರ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟರು, ಮಹಿಳೆಯರು, ಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗಬೇಕು, ಬಂದವರಲ್ಲಿ ಎಷ್ಟು ಜನರನ್ನು ಆದಾಯ ಪ್ರಮಾಣಪತ್ರ ತನ್ನಿ ಎಂದು ವಾಪಸ್ ಕಳಿಸಲಾಯಿತು ಎಂದು ಬಾಗಿಲಲ್ಲಿ ಕೂತು ಗುರುತಿಸುವುದು. ನಗರಸಭೆಯಾದರೆ: ಒಳಚರಂಡಿ ಕೆಲಸಕ್ಕೆ ಯಂತ್ರ ಎಷ್ಟಿವೆ, ಯಾವ ದಿನ ಯಾವ ಬೀದಿಗೆ ಹೋದವು, ಯಂತ್ರ ಹೋಗದ ಬೀದಿಯಲ್ಲಿ ಮ್ಯಾನ್‌ಹೋಲ್ ಹೇಗೆ ತೆರವಾಯಿತು. ಮಲಹೊರುವ ಪದ್ಧತಿಯನ್ನು 2013ರ ಕಾಯ್ದೆ ನಿಷೇಧಿಸಿದೆ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನ ಪುರಸಭೆಯ ಎದುರು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ಓದಿಕೊಂಡು ಹೋದ ವಿದ್ಯಾರ್ಥಿಗೆ ಆ ಕಚೇರಿಯ ರಿಜಿಸ್ಟರ್ ಬೇರೆಯದೇ ರೀತಿ ಕಾಣುತ್ತದೆ.

ಇನ್ನೊಂದು ದಾರಿ ಜನಸಂಘಟನೆಗಳು: ದಲಿತ ಸಂಘಟನೆ, ಗಾರ್ಮೆಂಟ್ಸ್ ಯೂನಿಯನ್, ಮನೆಗೆಲಸದವರ ಸಂಘ, ಮಾಜಿ ದೇವದಾಸಿಯರ ಸಂಘ, ಅಂಗವಿಕಲರ ಒಕ್ಕೂಟ. ಕಲಿಕೆ ಅತಿ ಆಳವಾಗಿ ಆಗುವುದು ಇಲ್ಲಿ. ಜನ ಇಲ್ಲಿ ‘ಫಲಾನುಭವಿ’ಗಳಲ್ಲ, ಸಭೆ ಕರೆಯುವವರು, ಹೊರಗಿನವರನ್ನು ಪ್ರಶ್ನೆ ಕೇಳುವವರು. ಕಷ್ಟವೂ ಹೆಚ್ಚು: ಕೆಲಸದ ಹೊತ್ತು ಸಂಜೆ ಮತ್ತು ಭಾನುವಾರ, ಹಾಜರಿ ಪುಸ್ತಕ ಇರುವುದಿಲ್ಲ, ವಿಶ್ವವಿದ್ಯಾಲಯ ಕೇಳುವ ಎಂಎಸ್‌ಡಬ್ಲ್ಯೂ ಪದವಿಯ ಮೇಲ್ವಿಚಾರಕರು ಅಲ್ಲಿ ಸಿಗುವುದಿಲ್ಲ. ಇದಕ್ಕೆ ಪರಿಹಾರ ಇಬ್ಬರು ಮೇಲ್ವಿಚಾರಕರು. ಕೆಲಸ ಹೇಳುವುದು ಸಂಘಟನೆಯ ಹಿರಿಯರು, ವರದಿ ನೋಡುವುದು ವಿಭಾಗದ ಅಧ್ಯಾಪಕರು. ಹಿರಿಯರ ಬಸ್ ಖರ್ಚು ಮತ್ತು ಗೌರವಧನಕ್ಕೆ ವಿಭಾಗ ಮೊದಲೇ ದುಡ್ಡು ತೆಗೆದಿಡಬೇಕು. ಜನರ ತಿಳಿವಳಿಕೆಯನ್ನು ಪುಕ್ಕಟೆ ಪಡೆದು ನ್ಯಾಯದ ಪಾಠ ಮಾಡಲಾಗದು. ಪ್ರತಿಭಟನೆಯ ದಿನ ಏನು ಮಾಡಬೇಕು ಎಂಬುದನ್ನೂ ಮುಂಚೆ ಮಾತಾಡಿಕೊಳ್ಳಿ. ವಿದ್ಯಾರ್ಥಿ ನೀರು, ಹಾಜರಿ, ಪತ್ರ ಬರೆಯುವ ಕೆಲಸ ಮಾಡಬಹುದು. ಪೊಲೀಸರ ಎದುರಿನ ಸಾಲಿನಲ್ಲಿ ನಿಲ್ಲುವುದನ್ನು ಕಡ್ಡಾಯ ಮಾಡುವಂತಿಲ್ಲ, ನಿಂತವರ ಅಂಕ ಕಳೆಯುವಂತೆಯೂ ಇಲ್ಲ.

ನಮಗೆ ಸರಿ ಕಂಡ ಕ್ರಮ ಹೀಗೆ: ಮೊದಲ ಸೆಮಿಸ್ಟರ್ ಸ್ವಯಂಸೇವಾ ಸಂಸ್ಥೆ, ಎರಡನೆಯದು ಸರ್ಕಾರಿ ಕಚೇರಿ, ಮೂರನೆಯದು ಅದೇ ತಾಲೂಕಿನ ಜನಸಂಘಟನೆ. ‘ಅದೇ ತಾಲೂಕು’ ಎಂಬುದು ಮುಖ್ಯ. ಎರಡನೇ ಸೆಮಿಸ್ಟರ್‌ನಲ್ಲಿ ಕೌಂಟರಿನ ಒಳಗೆ ಕೂತು ನೋಡಿದ ಅರ್ಜಿದಾರರ ಪಕ್ಕ ಮೂರನೆಯದರಲ್ಲಿ ಕ್ಯೂನಲ್ಲಿ ನಿಂತಿರುತ್ತಾರೆ.

ಹಂಚಿಕೆಯಲ್ಲೂ ನ್ಯಾಯ ಬೇಕು. ಇಂಗ್ಲಿಷ್ ಬಲ್ಲವರು ಆಸ್ಪತ್ರೆ ಮತ್ತು ಕಂಪನಿಗೆ, ಉಳಿದವರು ಕೊಳೆಗೇರಿಗೆ ಎಂಬ ರೂಢಿಯನ್ನು ಚೀಟಿ ಎತ್ತಿ ಮುರಿಯಬಹುದು. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸರ್ಕಾರಿ ಬಸ್ ಖರ್ಚಿಲ್ಲ. ಆದರೆ ಕೊನೆಯ ಬಸ್ಸಿನ ಹೊತ್ತು ಮತ್ತು ಹಾಸ್ಟೆಲ್ ಬಾಗಿಲು ಹಾಕುವ ಹೊತ್ತು ಎರಡನ್ನೂ ನೋಡಿಯೇ ಜಾಗ ಕೊಡಿ. ಶನಿವಾರ, ಭಾನುವಾರ ಕೂಲಿಗೆ ಹೋಗಿ ಫೀಸು ಕಟ್ಟುವ ಹುಡುಗನಿಗೆ ಭಾನುವಾರದ ಸಭೆಯ ಸಂಘಟನೆ ಕೊಟ್ಟರೆ ಅವನು ಬರುವುದಿಲ್ಲ, ವರದಿ ಕಲ್ಪಿಸಿ ಬರೆಯುತ್ತಾನೆ.

ಗ್ರಾಮೀಣ ಶಿಬಿರ ಎಲ್ಲಿ

ಏಳರಿಂದ ಹತ್ತು ದಿನದ ಶಿಬಿರಕ್ಕೆ ಊರಿನಲ್ಲಿ ಸಾಮಾನ್ಯವಾಗಿ ಮೂರು ಜಾಗ ಸಿಗುತ್ತವೆ. ದೇವಸ್ಥಾನದ ಸಮುದಾಯ ಭವನದಲ್ಲಿ ಅಡುಗೆಮನೆ, ನೀರು, ಶೌಚಾಲಯ ಎಲ್ಲ ಚೆನ್ನಾಗಿರುತ್ತದೆ. ಆದರೆ ಆ ಆವರಣಕ್ಕೆ ಕೇರಿಯವರು ಬರುವುದಿಲ್ಲ ಎಂದಾದರೆ ಶಿಬಿರ ಶುರುವಾಗುವ ಮೊದಲೇ ಒಂದು ಪಕ್ಷ ಹಿಡಿದಂತಾಯಿತು. ಸಂಜೆ ಸಭೆಗೆ ಯಾರೂ ಬರಲಿಲ್ಲ ಎಂದು ವರದಿಯಲ್ಲಿ ‘ಜನರ ನಿರಾಸಕ್ತಿ’ ಬರೆಯುವಂತಾಗುತ್ತದೆ. ಸರ್ಕಾರಿ ಶಾಲೆ ಎಲ್ಲರೂ ಬರುವ ಜಾಗ, ರಜೆಯಲ್ಲಿ ಮಾತ್ರ ಸಿಗುತ್ತದೆ, 40 ಜನಕ್ಕೆ ಸ್ನಾನದ ಮನೆ ಸಾಲದು. ಕೇರಿಯ ಅಂಬೇಡ್ಕರ್ ಭವನ ಹಲವು ಊರಲ್ಲಿ ಬೀಗ ಹಾಕಿಯೇ ಇರುತ್ತದೆ. ನೀರು, ವಿದ್ಯುತ್ ಸರಿಮಾಡಿಸಲು ಪಂಚಾಯಿತಿಗೆ ತಿಂಗಳ ಮುಂಚೆ ಪತ್ರ ಕೊಡಬೇಕು, ಮತ್ತು ಕೇರಿಯವರನ್ನು ಕೇಳಿಯೇ ಹೋಗಬೇಕು. ನಮ್ಮ ಒಲವು ಶಾಲೆಯ ಕಡೆ, ಊಟ ಕೇರಿಯ ಹೆಣ್ಣುಮಕ್ಕಳ ಸಂಘದಿಂದ, ದರ ಮಾತಾಡಿ ದುಡ್ಡು ಕೊಟ್ಟು. ಯಾರು ಆ ಊಟ ಬಿಟ್ಟು ‘ಹೊಟ್ಟೆ ಸರಿಯಿಲ್ಲ’ ಎಂದು ಬಿಸ್ಕತ್ತು ತಿನ್ನುತ್ತಾರೆ ಎಂಬುದು ಎರಡನೇ ದಿನಕ್ಕೆ ಗೊತ್ತಾಗುತ್ತದೆ. ಅವರನ್ನು ಎಲ್ಲರ ಮುಂದೆ ಎತ್ತಿ ಆಡಬೇಡಿ, ವೈಯಕ್ತಿಕ ಸಮಾಲೋಚನೆಯಲ್ಲಿ ಕೂರಿಸಿ ಮಾತಾಡಿ. ಎರಡು ವರ್ಷದ ಕೋರ್ಸಿನ ಅತ್ಯಂತ ಮುಖ್ಯವಾದ ಮಾತುಕತೆ ಅದಾಗಿರಬಹುದು.

ತರಗತಿಯ ಚಟುವಟಿಕೆಗಳು

ಎಲ್ಲರನ್ನೂ ಒಂದು ಗೆರೆಯಲ್ಲಿ ನಿಲ್ಲಿಸಿ, ‘ನಿಮ್ಮ ಮನೆಯಲ್ಲಿ ಪುಸ್ತಕಗಳಿದ್ದರೆ ಒಂದು ಹೆಜ್ಜೆ ಮುಂದೆ, ಜಾತಿಯ ಕಾರಣಕ್ಕೆ ಅವಮಾನವಾಗಿದ್ದರೆ ಒಂದು ಹೆಜ್ಜೆ ಹಿಂದೆ’ ಎನ್ನುವ ಆಟ ಬಹಳ ಜನಪ್ರಿಯ. ಅದನ್ನು ಬಿಡಿ. ಕೊನೆಗೆ ಹಿಂದಿನ ಗೋಡೆಗೆ ಆತು ನಿಲ್ಲುವವರು ಯಾರು ಎಂದು ಎಲ್ಲರಿಗೂ ಮೊದಲೇ ಗೊತ್ತು. ಮುಂದೆ ನಿಂತವರು ಕಲಿಯಲೆಂದು ಹಿಂದೆ ನಿಂತವರು ತಮ್ಮ ಬದುಕನ್ನು ಬಿಚ್ಚಿಡಬೇಕಾಗುತ್ತದೆ, ಮರುದಿನ ಅದೇ ಬೆಂಚಿನಲ್ಲಿ ಕೂರಬೇಕಾಗುತ್ತದೆ.

ಅದರ ಬದಲು ಊರಿನ ನಕ್ಷೆ. ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಒಂದು ಊರನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆಯಲಿ, ತಮ್ಮದೇ ಊರಾಗಬೇಕಿಲ್ಲ. ಕುಡಿಯುವ ನೀರಿನ ಟ್ಯಾಂಕ್, ನ್ಯಾಯಬೆಲೆ ಅಂಗಡಿ, ಹೋಟೆಲು, ಕ್ಷೌರದಂಗಡಿ, ಸ್ಮಶಾನ, ಹಾಲಿನ ಡೈರಿ, ಕಾಂಕ್ರೀಟ್ ರಸ್ತೆ ಎಲ್ಲಿಗೆ ನಿಲ್ಲುತ್ತದೆ, ಚರಂಡಿ ನೀರು ಎಲ್ಲಿಗೆ ಹರಿಯುತ್ತದೆ. 40 ನಿಮಿಷ ಸಾಕು. ನಕ್ಷೆಗಳನ್ನು ಗೋಡೆಗೆ ಅಂಟಿಸಿದಾಗ ಚರಂಡಿಯ ಗೆರೆ ಎಲ್ಲ ಹಾಳೆಗಳಲ್ಲೂ ಯಾವ ಕಡೆಗೆ ತಿರುಗಿದೆ ಎಂದು ಕೇಳಿ. ಯಾರೊಬ್ಬರ ಜಾತಿಯನ್ನೂ ಕೇಳದೆ ಜಾತಿಯ ಪಾಠ ಆಯಿತು. ಸ್ಮಶಾನ ಎಲ್ಲಿದೆ ಎಂದು ಗೊತ್ತಿಲ್ಲದವರು, ಕೇರಿಯನ್ನು ಬರೆಯಲು ಮರೆತವರು ಇರುತ್ತಾರೆ. ಆ ಖಾಲಿ ಜಾಗವೂ ಪಾಠವೇ.

ಬ್ರೆಜಿಲ್‌ನ ಅಗಸ್ಟೊ ಬೋಆಲ್ ರೂಪಿಸಿದ ಫೋರಂ ರಂಗಭೂಮಿ ನಮ್ಮ ಬೀದಿನಾಟಕ ಬಲ್ಲವರಿಗೆ ಬೇಗ ಒಗ್ಗುತ್ತದೆ. ಹತ್ತು ನಿಮಿಷದ ದೃಶ್ಯ ಅನ್ಯಾಯದಲ್ಲಿ ಮುಗಿಯಬೇಕು. ಎರಡನೇ ಸಲ ಆಡುವಾಗ ನೋಡುಗರು ‘ನಿಲ್ಲಿಸಿ’ ಎಂದು ಎದ್ದುಬಂದು ಅನ್ಯಾಯಕ್ಕೊಳಗಾದವರ ಪಾತ್ರವನ್ನು ತಾವೇ ವಹಿಸಿ ಬೇರೆ ದಾರಿ ತೋರಿಸುತ್ತಾರೆ. ಕೆಡುವುದು ಎರಡು ಕಡೆ. ಪಾತ್ರವನ್ನು ವಿದ್ಯಾರ್ಥಿಯ ಹಿನ್ನೆಲೆ ನೋಡಿ ಹಂಚುತ್ತೇವೆ; ಚೀಟಿ ಎತ್ತಿಸಿ. ಇನ್ನು, ಎದ್ದುಬಂದವರು ಎರಡು ಮಾತಿನ ಭಾಷಣದಿಂದ ದೃಶ್ಯದಲ್ಲಿ ಅನ್ಯಾಯ ಮಾಡಿದ ಗೌಡರ ಮನಸ್ಸು ಬದಲಿಸಿಬಿಡುತ್ತಾರೆ. ಆಗ ದೃಶ್ಯ ನಿಲ್ಲಿಸಿ, ‘ನಾಳೆ ಬೆಳಗ್ಗೆ ಇವರಿಗೆ ಕೂಲಿ ಯಾರು ಕೊಡುತ್ತಾರೆ?’ ಎಂದು ಕೇಳಬೇಕು.

ಕಾಯ್ದೆ ಕಲಿಸಲು ಎರಡು ಪ್ರಕರಣಗಳ ಕಾಲಪಟ್ಟಿಯನ್ನು ಪಕ್ಕಪಕ್ಕ ಬರೆಯುವಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಡಲಾಯಿತು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. (ಮೇಲ್ಮನವಿಯ ಹಂತ ಏನಾಗಿದೆ ಎಂದು ಪಾಠದ ದಿನಕ್ಕೆ ನೋಡಿಕೊಂಡೇ ಹೋಗಿ.) ಆ ಎರಡು ಕಾಲರೇಖೆಗಳ ಮೇಲೆ ದೌರ್ಜನ್ಯ ತಡೆ ಕಾಯ್ದೆಯ ಗಡುವುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ: ಪರಿಹಾರ ಏಳು ದಿನದಲ್ಲಿ, ಈಗಿನ ನಿಯಮದಂತೆ ದೋಷಾರೋಪ ಪಟ್ಟಿ 60 ದಿನದಲ್ಲಿ, ಜಿಲ್ಲಾ ಜಾಗೃತಿ ಸಮಿತಿಯ ಸಭೆ ಮೂರು ತಿಂಗಳಿಗೊಮ್ಮೆ. ನೊಂದವರ ಮತ್ತು ಸಾಕ್ಷಿಗಳ ಹಕ್ಕುಗಳನ್ನು ಹೇಳುವ 15ಎ ಕಲಂ 2016ರ ಜನವರಿಯಲ್ಲಷ್ಟೇ ಜಾರಿಗೆ ಬಂದದ್ದು. ಅದು ಏಕೆ ಬೇಕಾಯಿತು ಎಂದು ಮೊದಲ ಗೆರೆಯೇ ಹೇಳುತ್ತದೆ. ತರಗತಿಯನ್ನು ಬಸ್ ಮಾಡಿಕೊಂಡು ಆ ಊರುಗಳಿಗೆ ‘ತೋರಿಸಲು’ ಕರೆದೊಯ್ಯಬೇಡಿ.

ಅರ್ಜಿ ಬರೆಸುವುದು, ಅಂಕ ಕೊಡುವುದು

ಮಾಹಿತಿ ಹಕ್ಕು ಅರ್ಜಿ ಬರೆಸಬೇಕೆಂದಿದ್ದರೆ ಮೊದಲ ತಿಂಗಳೊಳಗೆ ಸಲ್ಲಿಕೆಯಾಗಬೇಕು. ಕರ್ನಾಟಕದ ನಿಯಮದಲ್ಲಿ ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ, ಬರದಿದ್ದರೆ ಮೊದಲ ಮೇಲ್ಮನವಿಗೆ ಇನ್ನೊಂದು 30 ದಿನ, ಅದರ ತೀರ್ಮಾನಕ್ಕೆ 30ರಿಂದ 45 ದಿನ. ಎಂಟನೇ ವಾರದಲ್ಲಿ ಹಾಕಿದ ಅರ್ಜಿಯ ಫಲ ಸೆಮಿಸ್ಟರ್ ಮುಗಿದ ಮೇಲೆ ಬರುತ್ತದೆ, ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಅರ್ಜಿ ವಿದ್ಯಾರ್ಥಿಯ ಹೆಸರಿನಲ್ಲಿರಲಿ; ಕೂಲಿಗಾಗಿ ಊರಿನ ದೊಡ್ಡವರನ್ನು ಅವಲಂಬಿಸಿದವರ ಹೆಸರಲ್ಲಿ ಹಾಕಿಸಿ ಅವರನ್ನು ಸಿಕ್ಕಿಸಬೇಡಿ. ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಸಿಗಬೇಕೆನ್ನುವ ‘ಸಕಾಲ’ದ ಅರ್ಜಿಗಳಾದರೆ ಸ್ವೀಕೃತಿ ಚೀಟಿ ಪಡೆಯುವುದನ್ನೇ ಮೊದಲ ಪಾಠ ಮಾಡಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು, ಚೀಟಿ ಇಲ್ಲದಿದ್ದರೆ ಅದ್ಯಾವುದೂ ಇಲ್ಲ.

ಮತ್ತೆ ವರದಿಗೆ ಬರೋಣ. ‘ಅರಿವಿನ ಕೊರತೆ’ ಎಂದು ಬರೆದ ಪುಟ ವಾಪಸ್ ಕೊಟ್ಟು, ಏನು ನಡೆಯಿತೋ ಅದನ್ನೇ ಬರೆಯಲು ಹೇಳಿ. ಸರಿಯಾದ ವರದಿ ಈ ಥರ ಇರುತ್ತದೆ:

‘ವಿಧವಾ ವೇತನದ ಅರ್ಜಿ ಮೂರನೇ ಸಲ ವಾಪಸ್. ಆಧಾರ್‌ನಲ್ಲಿ ಗಂಡನ ಹೆಸರು ಒಂದು ಥರ, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಕಾರಣ ಬಾಯಲ್ಲಿ ಹೇಳಿದರು, ಬರೆದುಕೊಡಲಿಲ್ಲ. ಬಸ್ಸು ಉಚಿತ, ಆದರೆ ಮೂರು ದಿನದ ಕೂಲಿ ಹೋಗಿದೆ. ಅಮ್ಮನಿಗೆ ಯೋಜನೆ ಚೆನ್ನಾಗಿ ಗೊತ್ತಿದೆ. ಯಾವ ಕಾಗದವನ್ನು ಎಲ್ಲಿ ತಿದ್ದಿಸಬೇಕು ಎಂದು ಯಾರೂ ಹೇಳಿಲ್ಲ. ಮುಂದಿನ ಗುರುವಾರ ನಾಡಕಚೇರಿಗೆ ಜತೆಗೆ ಹೋಗುವುದು, ಹಿಂಬರಹ (ಕಾರಣದ ಲಿಖಿತ ಉತ್ತರ) ಕೇಳುವುದು.’

ಕೊರತೆ ಯಾರಲ್ಲಿತ್ತು ಎಂಬುದು ಈಗ ಪುಟದ ಮೇಲಿದೆ. ವರದಿಗೆ 50 ಅಂಕವಿದ್ದರೆ 20ನ್ನು ಇಂಥ ವಿವರಕ್ಕೆ, 15ನ್ನು ಕಾರಣ ಹುಡುಕಿದ್ದಕ್ಕೆ, 10ನ್ನು ಮುಂದಿನ ಹೆಜ್ಜೆಗೆ ಇಟ್ಟು, ಭಾಷೆ ಮತ್ತು ಅಂದಕ್ಕೆ 5 ಸಾಕು. ಕನ್ನಡದಲ್ಲಿ ಬರೆಯಲು ಬಿಡಿ. ಇಂಗ್ಲಿಷಿನಲ್ಲಿ ಬರೆಯುವ ಒತ್ತಡದಲ್ಲಿ ವಿದ್ಯಾರ್ಥಿಗೆ ಗೊತ್ತಿರುವ ಸಿದ್ಧಪದಗಳಷ್ಟೇ ಪುಟಕ್ಕೆ ಬರುತ್ತವೆ, ಅಮ್ಮ ಹೇಳಿದ ಮಾತು ಬಿದ್ದುಹೋಗುತ್ತದೆ. ವೈವಾಕ್ಕೆ ಹೊರಗಿನಿಂದ ಬರುವ ಪರೀಕ್ಷಕರಿಗೆ ಈ ಅಂಕಪದ್ಧತಿಯನ್ನು ವಾರ ಮೊದಲೇ ಕಳಿಸಬೇಕು. ಇಲ್ಲವಾದರೆ ಅವರು ದಪ್ಪ ಫೈಲಿಗೇ ಹೆಚ್ಚು ಅಂಕ ಹಾಕುತ್ತಾರೆ.

ಸೆಮಿಸ್ಟರ್ ಮುಗಿದ ದಿನ ಆ ಅಮ್ಮನ ಅರ್ಜಿ ಇನ್ನೂ ಕಚೇರಿಯಲ್ಲೇ ಇರುತ್ತದೆ. ಅದಕ್ಕಾಗಿ ವಿಭಾಗದಲ್ಲಿ ಒಂದು ದಪ್ಪ ನೋಟ್‌ಬುಕ್ ಇಡಿ: ಅರ್ಜಿಯ ಸಂಖ್ಯೆ, ಯಾವ ಕೌಂಟರ್, ಕೊನೆಯ ಸಲ ಹೋದ ದಿನ, ಮುಂದೆ ಯಾವಾಗ ಹೋಗಬೇಕು. ಹೊಸ ಬ್ಯಾಚಿನವರು ಬಂದ ಮೊದಲ ವಾರ ಹಳಬರು ಅವರನ್ನು ಆ ಮನೆಗೆ ಕರೆದೊಯ್ದು ಪರಿಚಯ ಮಾಡಿಕೊಟ್ಟು, ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿದ ಮೇಲೆಯೇ ಹಳಬರ ಕ್ಷೇತ್ರಕಾರ್ಯ ಮುಗಿಯಿತು ಎಂದು ಬರೆಯಬೇಕು.